ನಕಾಶ್ಯಾಗಿಂದ ಅಳಿಸಿದ ಒಲಿ

ಮನಿ ನಕಾಶಿ ತಗಿಯೂ ಕೆಲಸದಾಗ ಅಳಸೂದು ಭಾಳ ಸರಳ. ಗೆರಿ ಮ್ಯಾಲ ಬಾಣ ಇಟ್ಟು ಒಂದ ಕೀ ಒತ್ತಿದ್ರ ಸಾಕು, ಗ್ವಾಡಿ ಹೋಗತೈತಿ, ಬಾಗಲಾ ಹೋಗತೈತಿ. ಹೋದ ವರ್ಷ ಮೂಡಲಗ್ಯಾಗ ನಾ ಹಂಗ ಒಂದ ಒಲಿ ಅಳಿಸಿದ್ನಿ. ಅದನ್ನ ತಿರುಗಿ ತಗಿಯಾಕ ಭಾಳ ತಿಂಗಳ ಹಿಡೀತು. ಅದನ್ನ ಬರ್ಯಾಕತ್ತೇನಿ. ಎರಡ ಬಟ್ಟಿಲೆ ಅಕ್ಷರ ಹುಡಕಿ ಹುಡಕಿ ಒತ್ತಾಂವ ನಾ, ಅದಕ್ಕ ಉದ್ದ ಮಾತಿಲ್ಲ. ಆದದ್ದ ಆದಂಗ ಹೇಳತೇನಿ.

ಆ ಮನಿ ಊರ ಹೊರಗ, ಹೊಲಾ ಒಡದು ಪ್ಲಾಟ ಮಾಡಿದ ಕಡೆ ಐತಿ. ಮೂವತ್ತ ಫೂಟ ಅಗಲ, ಅರವತ್ತ ಫೂಟ ಉದ್ದ ಜಾಗಾ. ಮುಂದ ಒಂದ ಸ್ಲ್ಯಾಬಿನ ಮನಿ, ಹಿಂದ ಖುಲ್ಲಾ. ಜಾಗಾ ಇದ್ದದ್ದು ಆ ಮನೀ ಆಯಿ ಹೆಸರಿಲೆ. ಎಂಬತ್ತರ ಹತ್ತರ ವಯಸ್ಸು, ಕೊರಳಾಗ ಲಿಂಗದಕಾಯಿ, ಸಹಿ ಬರಂಗಿಲ್ಲ, ಹೆಬ್ಬಟ್ಟು. ಜೋಡಿ ಆಕಿ ಮಗ, ಸಂತಿ ಬಾಜಾರದಾಗ ಬೀಜ-ಗೊಬ್ಬರದ ಅಂಗಡಿ ಇಟ್ಟಾರ. ಅವರ ಹೆಂಡತಿ, ಇಬ್ಬರು ಕಾಲೇಜ ಕಲಿಯೂ ಗಂಡಮಕ್ಕಳು. ಮತ್ತ ಆಯಿ ಮಗಳು. ಅವರನ್ನ ನಾ ಅಕ್ಕಾರ ಅಂತ ಕರೀತಿದ್ನಿ. ಹುಕ್ಕೇರಿ ತಾಲೂಕಿನ ಹತ್ತರಗಿಗೆ ಕೊಟ್ಟಿದ್ರು. ಗಂಡ ಹೈವೇ ದಾಟೂ ಮುಂದ ಗಾಡಿ ಬಡದು ತೀರಕೊಂಡ್ರು. ಅಕ್ಕಾರ ತವರಮನಿಗೆ ಬಂದು ಹನ್ನೊಂದ ವರ್ಷ ಆಗಿತ್ತು.

ಅಕ್ಕಾರ ಕೆಲಸ ಜೋಳದ ಖಡಕ್ ರೊಟ್ಟಿ. ಬಡದು, ಒಣಗಿಸಿ, ಕಟ್ಟು ಕಟ್ಟಿ ಗೋಕಾಕದ ಖಾನಾವಳಿಗೋಳಿಗೆ ಬಸ್ಸಿನ ಮ್ಯಾಲ ಕಳಸ್ತಿದ್ರು. ಆದ್ರ ಒಲಿ ಅವರದಲ್ಲ. ಅಣ್ಣನ ಹೆಂಡತಿ, ಅಂದ್ರ ವೈನಿ, ಮುಂಜಾನಿ ಅಡಗಿ ಮುಗಿಸಿ ಕೈ ತೊಳದ ಮ್ಯಾಲ ಸಿಗತಿತ್ತು, ಚಾದ ಹೊತ್ತಿಗೆ ಬಿಡಬೇಕಾಗತಿತ್ತು. ವೈನಿ ಕೆಟ್ಟಾಕಿ ಅಲ್ಲ. ಒಂದ ಅಡಗಿ ಮನ್ಯಾಗ ಇಬ್ಬರ ಕೆಲಸ ಹಿಡಸೂದಿಲ್ಲ, ಅಷ್ಟ. ಅದಕ್ಕ ಅಣ್ಣಗ ಅನಿಸಿದ್ದು, ಹಿಂದಿನ ಖುಲ್ಲಾ ಜಾಗಾದಾಗ ತಂಗಿಗೆ ಒಂದ ಸಣ್ಣ ಮನಿ ಕಟ್ಟಿ ಕೊಡೂಣು ಅಂತ. ಬ್ಯಾರೆ ಬಾಗಲಾ, ಬ್ಯಾರೆ ಒಲಿ, ಬ್ಯಾರೆ ಮನೀ ನಂಬರ.

ಅಳಿಯಾಕ ನಾನೂ ಗೌಂಡಿ ಕಾಕಾನೂ ಹೋಗಿದ್ದಿವಿ. ಆ ಕಾಕಾನ ಕೈಯಾಗ ನಾ ವರ್ಷಾನಗಟ್ಟಲೆ ಕಲ್ಲು, ಗಾರಿ ಹೊತ್ತೇನಿ. ಮೂವತ್ತೊಂದ ವಯಸ್ಸಿಗೆ ಹತ್ತನೇತ್ತೆ ಪಾಸಾಗಿ, ಆಮ್ಯಾಲ ನಕಾಶಿ ಕಲತು ಒಬ್ಬರು ಲೈಸೆನ್ಸ್ ಇದ್ದ ಇಂಜಿನಿಯರ್ ಸಾಹೇಬರ ಹತ್ತರ ಕೆಲಸಕ್ಕ ಸೇರಿದ್ರೂ ಕಾಕಾ ನನ್ನ ಕರಿಯೂದು 'ಸಾಲಿ ಹುಡುಗಾ' ಅಂತನ. ಟೇಪಿನ ಒಂದ ತುದಿ ಅಂವ ಹಿಡದಾ, ಒಂದ ತುದಿ ನಾ ಹಿಡದ್ನಿ. ಮುಂದ ರಸ್ತಾದಿಂದ ಮನೀತನಾ ಆರ ಫೂಟ. ಮನಿ ಉದ್ದ ಮೂವತ್ತು. ಹಿಂದ ಉಳದದ್ದು ಇಪ್ಪತ್ತನಾಕ. ಎಡಕ್ಕ ಮೂರ ಫೂಟ ಸಂದಿ, ಬಲಕ್ಕ ಐದ ಫೂಟ.

ಬಲಗಡೆ ಸಂದ್ಯಾಗ ಒಂದ ಬಚ್ಚಲಿತ್ತು. ನಾಕ ಫೂಟ ಅಗಲ, ಮ್ಯಾಲ ತಗಡ, ಒಳಗ ಮಣ್ಣಿನ ಒಲಿ ಮ್ಯಾಲ ತಾಮ್ರದ ಹಂಡೆ. ಮನಿ ಒಳಗ ಗೀಜರ್ ಇತ್ತು, ಆದ್ರ ಆಯಿ ಅದನ್ನ ಮುಟ್ಟತಿರಲಿಲ್ಲ. ದಿನಾ ಮುಂಜಾನೆದ್ದು ಆ ಒಲಿಗೆ ತಾನ ಉರಿ ಹಾಕತಿದ್ಲು, ಬ್ಯಾರೆ ಯಾರನೂ ಹತ್ತರ ಬಿಡತಿರಲಿಲ್ಲ. ಅದೊಂದ ಕೆಲಸ ಆಕೀಗೆ ಉಳದಿತ್ತು ಅಂತ ಮಗ ಹೇಳಿದ್ರು. ನಾ ಬಚ್ಚಲದ ಅಳತಿನೂ ಬರಕೊಂಡ್ನಿ. ಅದು ಮುಂದ ಅಡ್ಡ ಬರತೈತಿ ಅಂತ ಅವತ್ತ ನನಗ ಹೊಳೀಲಿಲ್ಲ.

ಇಂಥಾ ಕೆಲಸದಾಗ ಮೊದಲ ನೋಡೂದು ಜಾಗಾ ಯಾವ ಬಣ್ಣದಾಗ ಐತಿ ಅನ್ನೂದು. ಊರಿನ ದೊಡ್ಡ ನಕಾಶ್ಯಾಗ ಹಸರು ಅಂದ್ರ ಒಕ್ಕಲತನ, ನೀಲಿ ಅಂದ್ರ ಅಂಗಡಿ-ವ್ಯಾಪಾರ, ಹಳದಿ ಅಂದ್ರ ವಸತಿ. ಗೋಕಾಕಕ್ಕ ಹೋಗಿ ಆ ಸರ್ವೇ ನಂಬರ ಹುಡಕಿಸಿದ್ನಿ. ಹಳದಿ ಇತ್ತು. ಅಷ್ಟ ದೊಡ್ಡ ಜಾಗಾದಾಗ ಎರಡ ಮನಿ ಇರಾಕ ಅಡ್ಡಿ ಇಲ್ಲ ಅಂತನೂ ತಿಳಕೊಂಡ ಬಂದ್ನಿ. ಆದ್ರ ಎರಡನೇದು ಮನಿ ಅಂತ ಆಗಬೇಕಂದ್ರ ಎರಡೂ ಮನಿ ನಡುವ ಆರ ಫೂಟ ಬಿಡಬೇಕು. ಹಿಂದಿನ ಕಂಪೌಂಡಿನಿಂದ ಐದ ಫೂಟ ಬಿಡಬೇಕು. ಗಾಳಿ, ಬೆಳಕು, ಬೆಂಕಿ ಬಿದ್ರ ಓಡಿ ಹೋಗೂ ದಾರಿ, ಇದಕ್ಕ ಆ ಖುಲ್ಲಾ ಜಾಗಾ. ಇದು ಆ ಜಾಗಾಕ್ಕ ಬಂದ ಲೆಕ್ಕ ಮತ್ತ. ಓದಾವರು ಇದನ್ನ ನೋಡಿ ತಮ್ಮ ಜಾಗಾದಾಗ ಪಾಯಾ ಹೊಡಿಯಾಕ ಹೋಗಬ್ಯಾಡ್ರಿ, ಜಾಗಾದ ಅಳತಿ ಬದಲಾದ್ರ ಇದೂ ಬದಲಾಗತೈತಿ.

ಇಪ್ಪತ್ತನಾಕರಾಗ ಹನ್ನೊಂದ ಹೋದ್ರ ಹದಿಮೂರು. ಎಡಗಡೆ ಬೋರ್ ಮತ್ತ ಟಾಕಿ ಇದ್ದದ್ದಕ್ಕ ಅಗಲ ಹದಿನೆಂಟ. ಹದಿಮೂರ-ಹದಿನೆಂಟರಾಗ ಒಂದ ಕ್ವಾಣಿ, ಒಂದ ಅಡಗಿ ಮನಿ, ಒಂದ ಪಾಯಖಾನಿ ಕೂಡ್ರಿಸಿ ನಕಾಶಿ ತಗದ್ನಿ. ಒಲಿಗೆ ಒಂದ ಸಣ್ಣ ಚೌಕ ತಗದು ಕಿಟಕಿ ಕೆಳಗ ಇಟ್ಟಿದ್ನಿ.

ಹಾಳಿ ತಗೊಂಡ ಹೋಗಿ ಪಡಸಾಲ್ಯಾಗ ಹಾಸಿದ್ನಿ. ಮಗ, ವೈನಿ ಬಂದು ಕುಂತ್ರು. ಅಕ್ಕಾರ ಒಳಗ ರೊಟ್ಟಿ ಬಡಿಯಾಕತ್ತಿದ್ರು, ಸಪ್ಪಳ ಕೇಳಸ್ತಿತ್ತು. ಆಯಿ ಚಸ್ಮಾ ಏರಿಸಿಕೊಂಡು ಕೇಳಿದ್ಲು, "ಇದರಾಗ ಒಲಿ ಎಲ್ಲೈತಿ?"

ನಾ ಆಕಿ ಬಟ್ಟ ಹಿಡದು ಮುಂದಿನ ಮನೀ ಅಡಗಿ ಮನಿ ಮ್ಯಾಲ ಇಟ್ಟನಿ. ಆಕಿ ಬಟ್ಟ ತಾನ ಹಿಂದಿನ ಚೌಕಕ್ಕ ಹೋತು. ಇದೇನಪಾ ಅಂದ್ಲು. ಅದು ಅಕ್ಕಾರ ಒಲಿ ಅಂದ್ನಿ. ಬಟ್ಟ ತಗದ್ಲು.

"ನಾ ಇರೂತನಾ ಈ ಜಾಗಾದಾಗ ಇನ್ನೊಂದ ಒಲಿ ಹೆಚ್ಚಾಗೂದು ಬ್ಯಾಡ. ಹಾಳ್ಯಾಗ ಸೈತ ಬ್ಯಾಡ."

ಯಾಕಂತ ಆಕಿನ ಹೇಳಿದ್ಲು. ಆಕಿ ಗಂಡ ಮತ್ತ ಮೈದುನ ಬ್ಯಾರಿ ಆದ ದಿನಾ, ನೆಗೆಣ್ಣಿ ಬಂದು ಇವರ ಒಲ್ಯಾಗಿಂದ ಉರಿಯೂ ಕೊಳ್ಳಿ ತಗೊಂಡು ಪಡಸಾಲಿ ಆ ತುದೀಗೆ ಹೋಗಿ ತಂದೊಂದ ಒಲಿ ಹಚ್ಚಿದ್ಲಂತ. ಅವತ್ತಿಂದ ಅಣ್ಣತಮ್ಮ ಒಂದ ಪಂಕ್ತ್ಯಾಗ ಉಣಲಿಲ್ಲ. ಗಂಡ ತೀರಿದಾಗ ಮೈದುನ ಬಂದು, ಕುಣ್ಯಾಗ ಮಣ್ಣ ಹಾಕಿ, ನೀರ ಸೈತ ಕುಡೀದ ತಿರುಗಿ ಹೋದ. ಇಷ್ಟ ಹೇಳಿ ಆಯಿ ಚಸ್ಮಾ ತಗದ್ಲು. ಒಳಗ ರೊಟ್ಟಿ ಬಡಿಯೂ ಸಪ್ಪಳ ನಿಂತಿತ್ತು. ಸ್ವಲ್ಪ ಹೊತ್ತಿನ ಮ್ಯಾಲ ಮತ್ತ ಸುರು ಆತು.

ಮಗ ನನ್ನ ಜೋಡಿ ಹೊರಗ ಬಂದು, ಕಟ್ಟೂದು ಹಂಗ ಕಟ್ಟೂಣು, ಹಾಳ್ಯಾಗ ಅಷ್ಟ ಹೆಸರ ಬದಲ ಮಾಡ್ರಿ ಅಂದ್ರು. ಆಫೀಸಿಗೆ ಬಂದು ಸಾಹೇಬರಿಗೆ ಹೇಳಿದ್ನಿ. ಅವರು ತಲಿ ಎತ್ತದನ ಅಂದ್ರು, "ಸಾಮಾನ ಕ್ವಾಣಿ ಅಂತ ಹಾಕು. ಅಡಗಿ ಮನಿ, ಪಾಯಖಾನಿ ತಗದ ಬಿಡು. ಔಟ್‌ಹೌಸ್ ಆದ್ರ ಹಿಂದ ಐದ ಫೂಟ ಬಿಡೂದ ಬ್ಯಾಡ. ಅವರಿಗೆ ಜಾಗಾನೂ ಜಾಸ್ತಿ ಸಿಗತೈತಿ."

ಅದು ಖರೆನ ಇತ್ತು. ಜನಾ ಇರದ ಸಾಮಾನ ಇಡೂ ಕ್ವಾಣಿ ಹಿಂದಿನ ಕಂಪೌಂಡಿಗೆ ಹತ್ತಿಸಿ ಕಟ್ಟಬಹುದು. ಹದಿಮೂರ ಇದ್ದದ್ದು ಹದಿನೆಂಟ ಆಗತೈತಿ. ಆಯಿ ಮನಸ್ಸೂ ಉಳೀತೈತಿ, ಅಕ್ಕಾರಿಗೆ ದೊಡ್ಡ ಕ್ವಾಣಿನೂ ಸಿಗತೈತಿ, ನಾ ಎಲ್ಲಾರಿಗೂ ಛಲೋನ ಮಾಡಾಕತ್ತೇನಿ ಅಂತ ತಿಳಕೊಂಡ್ನಿ. ಒಲಿ ಮ್ಯಾಲ ಬಾಣ ಇಟ್ಟು ಕೀ ಒತ್ತಿದ್ನಿ. ಹೋತು. ಅದ ಜಾಗಾದಾಗ 'ಸಾಮಾನ ಕ್ವಾಣಿ' ಅಂತ ಒಂದೊಂದ ಅಕ್ಷರ ಹುಡಕಿ ಒತ್ತಿದ್ನಿ.

ಆಯಿಗೆ ಹಾಳಿ ಪೂರಾ ಓದಿ ಹೇಳಿನ ಹೆಬ್ಬಟ್ಟ ತಗೊಂಡ್ನಿ. ಇಪ್ಪತ್ತೆಂಟ ವಯಸ್ಸಿನತನಾ ನಾನೂ ಹೆಬ್ಬಟ್ಟ ಒತ್ತಿದಾಂವ, ಓದಿ ಹೇಳದ ಯಾರ ಹತ್ತರನೂ ಒತ್ತಸೂದಿಲ್ಲ ಅನ್ನೂದು ನನ್ನ ನೇಮ. ಆ ನೇಮ ಪಾಲಿಸಿದ್ನಿ ಅಂತ ಸಮಾಧಾನ ಇತ್ತು. ಆದ್ರ ಅದರಾಗ ಇರಾವರಿಗೆ, ಅಕ್ಕಾರಿಗೆ, ಆ ಹಾಳಿ ತೋರಸಲೇ ಇಲ್ಲ. ಅವರಿಗೆ ಓದಾಕ ಬರತಿತ್ತು. ಹತ್ತ ಹೆಜ್ಜಿ ಆಚೆ ಅಡಗಿ ಮನ್ಯಾಗ ಇದ್ರು.

ಪರವಾನಿಗಿ ಬೇಗ ಬಂತು. ಸಣ್ಣ ಕೆಲಸ, ಯಾರೂ ಏನೂ ಕೇಳಲಿಲ್ಲ. ಗೌಂಡಿ ಕಾಕಾ ಪಾಯಾ ಹೊಡದು, ಕರಿಕಲ್ಲ ಹಾಕಿ, ಹದಿನೆಂಟ-ಹದಿನೆಂಟರ ಕಟ್ಟಡ ನೆಲದಿಂದ ಎರಡ ಫೂಟ ಮ್ಯಾಲ ತಂದಾ. ಅಕ್ಕಾರ ದಿನಾ ನೀರ ಹೊಡೀತಿದ್ರಂತ.

ಒಂದ ಮಧ್ಯಾಹ್ನ ಅಕ್ಕಾರ ನಮ್ಮ ಆಫೀಸಿಗೆ ಬಂದ್ರು. ಕೈಯಾಗ ಪರವಾನಿಗಿ ನಕಾಶಿ ಮಡಿಚಿ ಹಿಡದಿದ್ರು. ನಳಾ ಮತ್ತ ಮೀಟರಿಗೆ ಅರ್ಜಿ ಕೊಡಾಕ ತಾವ ಹೋಗಿದ್ರಂತ. ಅಲ್ಲಿ ಕುಂತಾವರು ಹಾಳಿ ನೋಡಿ, ಸಾಮಾನ ಕ್ವಾಣಿಗೆ ಬ್ಯಾರೆ ಮನೀ ನಂಬರ ಬರಂಗಿಲ್ಲ, ನಂಬರ ಇಲ್ಲದ ನಳಾನೂ ಇಲ್ಲ ಅಂತ ತಿರುಗಿ ಕಳಸ್ಯಾರ. ಅವರು ಹೇಳಿದ್ದು ಬರೋಬ್ಬರಿನ ಇತ್ತು.

ಅಕ್ಕಾರ ನನ್ನ ಟೇಬಲ್ ಮ್ಯಾಲ ನಕಾಶಿ ಬಿಚ್ಚಿ ಇಟ್ಟು, "ಇದರಾಗ ನಾ ಎಲ್ಲಿದ್ದೇನಿ, ತೋರಸ್ರಿ" ಅಂದ್ರು.

ನಕಾಶ್ಯಾಗ ಮನಷ್ಯಾರನ ತಗಿಯಂಗಿಲ್ರಿ ಅಕ್ಕಾರ, ಅಂದ್ನಿ. ಆ ಮಾತ ಆಡಿದ್ದಕ್ಕ ಇವತ್ತೂ ನನಗ ನಾಚಿಕಿ ಐತಿ.

"ಅಷ್ಟ ನನಗೂ ತಿಳೀತೈತ್ರಿ. ಒಲಿ ಇದ್ರ ಉಣ್ಣಾಕ ಯಾರೋ ಅದಾರ ಅಂತ ಗೊತ್ತಾಗತೈತಿ. ಇದರಾಗ ಒಲಿ ಇಲ್ಲ, ಮೋರಿ ಇಲ್ಲ, ಪಾಯಖಾನಿ ಇಲ್ಲ. ಗೊಬ್ಬರದ ಚೀಲಾ ಇಡೂ ಜಾಗಾ ಆತಿದು."

ಸಾಹೇಬರು ತಮ್ಮ ಕುರ್ಚಿಯಿಂದನ ಸಮಾಧಾನ ಹೇಳಿದ್ರು. ಊರಾಗ ಇಂಥಾವು ಬೇಕಾದಷ್ಟ ಅದಾವು, ಹಾಳಿ ಹಾಳ್ಯಾಗ ಇರತೈತಿ, ನೀವು ಒಳಗ ಆರಾಮ ಇರ್ರಿ, ಯಾರ ಬಂದ ನೋಡತಾರ ಅಂತ. ಅಕ್ಕಾರ ಅವರ ಕಡೆ ತಿರುಗಿದ್ರು. ದನಿ ಏರಿಸಲಿಲ್ಲ.

"ನಮ್ಮಣ್ಣ ಇರೂತನಾ ನನಗ ಚಿಂತಿಲ್ರಿ. ಅಂವ ದೇವರಂಥಾಂವ. ಹುಡುಗುರೂ ಛಲೋ ಅದಾವು. ಅವಕ್ಕ ಹೆಂಡರ ಬರತಾರ, ಮಕ್ಕಳಾಗತಾವು. ಅವತ್ತ ಯಾರರ ಈ ಹಾಳಿ ತಗದು, ಸಾಮಾನ ಕ್ವಾಣ್ಯಾಗ ಈ ಮುದುಕಿ ಯಾಕ ಕುಂತಾಳ ಅಂದ್ರ ನಾ ಏನ್ ತೋರಸ್ಲಿ? ಹತ್ತರಗಿಯಿಂದ ಒಮ್ಮೆ ಎದ್ದು ಬಂದೇನಿ. ಇನ್ನೊಮ್ಮೆ ಏಳಾಕ ಆಗಂಗಿಲ್ಲ."

ನಕಾಶಿ ಮಡಿಚಿಕೊಂಡು ಹೋದ್ರು. ಸಾಹೇಬರು ಫ್ಯಾನಿನ ಗಾಳಿಗೆ ಹಾರೂ ಹಾಳಿ ಮ್ಯಾಲ ಪೇಪರ್‌ವೇಟ್ ಇಟ್ಟು ತಮ್ಮ ಕೆಲಸಕ್ಕ ಹತ್ತಿದ್ರು. ನಾ ಆ ದಿನಾ ಬ್ಯಾರೆ ಕೆಲಸ ಮಾಡಲಿಲ್ಲ. ಅಕ್ಷರ ಕಲಿಯೂಕಿಂತ ಮೊದಲ ನಾನೂ ಎಷ್ಟೋ ಹಾಳಿಗೋಳ ಮುಂದ, ಇದರಾಗ ನಾ ಎಲ್ಲಿದ್ದೇನಿ ಅಂತ ಕೇಳಾಕ ಆಗದ ನಿಂತಿದ್ನಿ. ಓದಾಕ ಕಲತದ್ದನ ಅದರ ಸಲುವಾಗಿ.

ಮುಂದಿನ ವಾರ ಪುರಸಭೆಯ ಕಿರಿ ಇಂಜಿನಿಯರ್ ಪಾಯಾ ನೋಡಾಕ ಬಂದ್ರು. ಹೊಸದಾಗಿ ಬಂದ ಹೆಣ್ಣಮಗಳು, ಎಲ್ಲಾರೂ ಮೇಡಂ ಅಂತಿದ್ರು. ಸಾಹೇಬರೂ ನಾನೂ ಅಲ್ಲಿಗೆ ಹೋಗಿದ್ದಿವಿ. ಟೇಪ್ ಹಿಡದು ತಾವ ಅಳದ್ರು, ಹಾಳಿಗೆ ತಾಳೆ ನೋಡಿದ್ರು. ಎಲ್ಲಾ ಬರೋಬ್ಬರಿ. ಸಹಿ ಮಾಡಾಕ ಪೆನ್ ತಗದಾವರು, ಟಾಕಿ ಹತ್ತರ ನೀರಿನ ಪೈಪ್ ಹಿಡಕೊಂಡ ನಿಂತಿದ್ದ ಅಕ್ಕಾರನ್ನ ನೋಡಿ, ಇಲ್ಲಿ ಯಾರರ ಇರಾವರದಾರೇನು ಅಂತ ಕೇಳಿದ್ರು.

ಸಾಹೇಬರು ನನಗಿಂತ ಮೊದಲ, ಏ ಇಲ್ರಿ, ಬರೇ ಸಾಮಾನ ಅಂದ್ರು. ಮಗ ಕಂಪೌಂಡ ನೋಡಾಕತ್ತಿದ್ರು. ಅಕ್ಕಾರ ಪೈಪ್ ಕೆಳಗ ಇಟ್ಟು ನನ್ನ ನೋಡಿದ್ರು.

"ಇರಾವರದಾರ್ರಿ ಮೇಡಂ" ಅಂದ್ನಿ. "ಈ ಅಕ್ಕಾರ ಇರತಾರ. ನಾ ಮೊದಲ ಮನಿ ಅಂತನ ತಗದಿದ್ನಿ. ಆಮ್ಯಾಲ ಅಳಿಸಿದ್ನಿ. ತಪ್ಪ ನಂದು."

ಮೇಡಂ ಪೆನ್ನಿಗೆ ಟೊಪಗಿ ಹಾಕಿದ್ರು. ಸಿಟ್ಟ ಮಾಡಲಿಲ್ಲ, ಆದ್ರ ಬಿಡಲಿಲ್ಲ. ಇರಾಕ ಮನಿ ಅಂದ್ರ ಕಂಪೌಂಡಿಗೆ ಹತ್ತಿಸಿ ಕಟ್ಟಾಕ ಬರಂಗಿಲ್ಲ, ಹಿಂದಿನ ಐದ ಫೂಟ ಪಾಯಾ ತಗೀಬೇಕು. ಹೊಸ ನಕಾಶಿ ಕೊಡಬೇಕು, ಅಲ್ಲೀತನಾ ಕೆಲಸ ಬಂದ್. ಹೋಗೂ ಮುಂದ ಬಲಗಡೆ ಸಂದ್ಯಾಗ ನಿಂತು ಬಚ್ಚಲ ನೋಡಿ ಇನ್ನೊಂದ ಮಾತ ಹೇಳಿದ್ರು. ಎರಡನೇ ಮನಿ ಅಂದ್ರ ರಸ್ತಾದಿಂದ ಅದರ ಬಾಗಲಾತನಾ ನಾಕ ಫೂಟ ದಾರಿ ಖುಲ್ಲಾ ಇರಬೇಕು. ಇಲ್ಲಿ ಒಂದ ಫೂಟ ಐತಿ. ಇದು ಹೋಗಬೇಕು. ನನ್ನ ಮೊದಲಿನ ನಕಾಶ್ಯಾಗೂ ಈ ತಪ್ಪ ಇತ್ತು. ಬಚ್ಚಲ ಅಳದು ಬರಕೊಂಡಾಂವ ನಾನ, ನೋಡದ ಬಿಟ್ಟಾಂವನೂ ನಾನ.

ಮಗ ನನ್ನ ಜೋಡಿ ಒಂದ ವಾರ ಮಾತಾಡಲಿಲ್ಲ. ಸಾಹೇಬರು, ನಿನ್ನ ಬಾಯಿಲೆ ಕೆಡಿಸಿದಿ, ನಿನ್ನ ಹೊತ್ತಿನ್ಯಾಗ ಸರಿ ಮಾಡು, ನನ್ನ ಆಫೀಸ್ ಹೊತ್ತಿನ್ಯಾಗ ಬ್ಯಾಡ ಅಂದ್ರು. ಅವರ ಸಿಟ್ಟಿಗೂ ಕಾರಣ ಇತ್ತು, ಲೈಸೆನ್ಸ್ ಅವರದು. ನಾ ದಿನಾ ಮುಂಜಾನಿ ಒಂದ ತಾಸ ಮೊದಲ ಹೋಗಿ ಹೊಸ ನಕಾಶಿ ತಗದ್ನಿ. ಈ ಸಲ ಮೊದಲ ಅಕ್ಕಾರನ್ನ ಕೇಳಿದ್ನಿ. ಅವರು ಹದಿಮೂರ ಫೂಟ ಸಾಕು ಅಂದ್ರು. ಸೌದಿ ಒಲಿ ಬೇಕು, ಖಡಕ್ ರೊಟ್ಟಿ ಗ್ಯಾಸಿನ ಮ್ಯಾಲ ಹಂಗ ಬರಂಗಿಲ್ಲ, ಹೊಗಿ ಹೋಗಾಕ ಚಿಮಣಿ ಇಡ್ರಿ ಅಂದ್ರು. ಕುಂತ ಬಡಿಯೂ ಮುಂದ ಮುಖ ದೊಡ್ಡ ಮನೀ ಹಿಂಬಾಗಲಾ ಕಡೆ ಇರಲಿ ಅಂದ್ರು. ಯಾಕಂತ ಕೇಳಿದ್ದಕ್ಕ, ಅವ್ವ ಬರೂದು ಕಾಣಬೇಕಲ್ರಿ ಅಂದ್ರು.

ಅವ್ವನ ಬರಾಕ ತಯಾರಿರಲಿಲ್ಲ. ಜಾಗಾ ಆಯಿ ಹೆಸರಿನ್ಯಾಗ, ಹೆಬ್ಬಟ್ಟಿಲ್ಲದ ಹಾಳಿ ಮುಂದ ಹೋಗೂದಿಲ್ಲ. ಮೊದಲನೇ ಸಲ ಹೋದಾಗ ಒಳಗ ಹೋಗಿ ಮಲಗಿದ್ಲು. ಎರಡನೇ ಸಲ, ಅಮಾಸಿ ಹೋಗ್ಲಿ ಅಂದ್ಲು. ಅಮಾಸಿ ಹೋತು, ಹುಣ್ಣಿವಿನೂ ಹೋತು. ಪಾಯಾದಾಗ ಕಸಾ ಬೆಳೀತು. ಅಕ್ಕಾರ ನೀರ ಹೊಡಿಯೂದ ಬಿಟ್ಟರು. ಗೌಂಡಿ ಕಾಕಾ ನನ್ನ ನೋಡಿದಾಗೊಮ್ಮೆ, ಏನಪಾ ಸಾಲಿ ಹುಡುಗಾ, ನಿನ್ನ ಖರೆ ಮಾತಿನ ಮ್ಯಾಲ ಆಡ ಮೇಯಾಕತ್ತಾವು ಅಂತಿದ್ದಾ.

ಮೂರನೇ ಸಲ ಹೋದಾಗ ಹೊತ್ತ ಏರಿತ್ತು. ಆಯಿ ಬಚ್ಚಲ ಮುಂದ ಮಣಿ ಹಾಕ್ಕೊಂಡು ಒಲಿ ಬೂದಿ ತಗಿಯಾಕತ್ತಿದ್ಲು. ಮಗ ಅಂಗಡಿಗೆ ಹೋಗಾಕ ಚಪ್ಪಲಿ ಹಾಕ್ಕೊಂಡಾವರು ನನ್ನ ನೋಡಿ ನಿಂತ್ರು. ಅಕ್ಕಾರ ಅರಬಿ ಒಣ ಹಾಕಾಕತ್ತಿದ್ರು. ನಾ ಆಯಿ ಹತ್ತರ ಕುಂತು, ಯಾರೂ ಆಕಿಗೆ ಹೇಳದ ಉಳಿಸಿದ್ದ ಮಾತ ಹೇಳಿದ್ನಿ. ಹಿಂದ ಮನಿ ಅಂತ ಆದ್ರ ಈ ಸಂದಿ ದಾರಿ ಆಗತೈತಿ. ದಾರ್ಯಾಗ ಬಚ್ಚಲ ಇರಾಕ ಬರಂಗಿಲ್ಲ. ಇದನ್ನ ಒಡೀಬೇಕು.

ಮಗ ಅಲ್ಲೆ ನಿಂತು, ಬ್ಯಾಡ ಬಿಡ್ರಿ, ಆಕೀದು ಇರೂದ ಅದೊಂದು, ಅಂದ್ರು. ಅಕ್ಕಾರೂ ಅರಬಿ ಹಿಡಕೊಂಡನ ಅಂದ್ರು, "ಅವ್ವನ ಬಚ್ಚಲ ಒಡದು ನನಗ ಮನಿ ಬ್ಯಾಡ್ರಿ." ಅವರು ಹಂಗ ಅನ್ನತಾರ ಅಂತ ನಾ ಅಂದುಕೊಂಡಿರಲಿಲ್ಲ. ಅಲ್ಲಿಗೆ ಎಲ್ಲಾ ಮುಗೀತು ಅಂತ ತಿಳದು ಹಾಳಿ ಸುತ್ತಾಕ ಹತ್ತಿದ್ನಿ.

ಆಯಿ ಬೂದಿ ಮೊರ ಬಾಜೂಕ ಸರಿಸಿದ್ಲು. "ಅಂದ್ರ ಈ ಒಲೀನೂ ಹೋಗತೈತಿ?"

"ಹೋಗತೈತ್ರಿ ಆಯಿ."

"ಆ ಮೇಡಮ್ಮ ಇದನ್ನ ಒಲಿ ಅಂತ ಎಣಸ್ಯಾಳೇನು?"

ಇಲ್ರಿ, ನೀರ ಕಾಸೂ ಒಲಿ ಅವರ ಲೆಕ್ಕಕ್ಕ ಬರಂಗಿಲ್ಲ, ಅಡಗಿ ಒಲಿ ಅಷ್ಟ ಎಣಸ್ತಾರ ಅಂದ್ನಿ.

"ಆಕಿ ಎಣಸದಿದ್ರ ಬಿಡ್ಲಿ. ಈ ಮನಿಗೆ ಬಂದಾಗಿಂದ ದಿನಾ ನಾನ ಹಚ್ಚೇನಿ, ನಾ ಎಣಸ್ತೇನಿ." ಬೂದಿ ಹತ್ತಿದ ಬಟ್ಟ ಎತ್ತಿ ಮಗನ ಕಡೆ ತೋರಿಸಿದ್ಲು. "ಒಳಗೊಂದು. ಇಲ್ಲೊಂದು. ಇವತ್ತ ಎರಡ ಅದಾವು. ಇದನ್ನ ಒಡದ್ರ ಒಂದ ಉಳೀತೈತಿ. ಆಕೀದು ಹಚ್ಚಿದ್ರ ಮತ್ತ ಎರಡು. ಹೆಚ್ಚೇನೂ ಆಗಂಗಿಲ್ಲ."

ಆ ಲೆಕ್ಕ ಯಾವ ನಿಯಮದ ಪುಸ್ತಕದಾಗೂ ಇಲ್ಲ. ಆದ್ರ ಇಷ್ಟ ದಿನಾ ಒಬ್ಬಾಕಿನ ಕುಂತು, ಮಲಗಿ, ಅಮಾಸಿ ಹುಣ್ಣಿವಿ ದಾಟಿಸಿ, ಆಕಿ ಹುಡಕಾಕತ್ತಿದ್ದು ಇಂಥಾದ್ದೊಂದ ಸಂದಿನ ಅಂತ ನನಗ ಆವಾಗ ತಿಳೀತು. ತನ್ನ ಮಾತೂ ಮುರೀಬಾರದು, ಮಗಳಿಗೆ ಮನೀನೂ ಆಗಬೇಕು.

ಅಕ್ಕಾರ ಸೆರಗಿಲೆ ಮೂಗ ಒರಸಿಕೊಂಡು, "ಹಂಗಾರ ಹಂಡೆ ಎಲ್ಲಿಡ್ತಿ?" ಅಂದ್ರು.

"ನಿನ್ನ ಒಲಿ ಬಾಜೂಕ. ರೊಟ್ಟಿ ಮುಗದ ಮ್ಯಾಲ ಕೆಂಡ ಸುಮ್ಮ ಹಾಳಾಗತೈತಲ್ಲ. ನನ್ನ ನೀರ ಕಾಯ್ತಾವು."

"ಇಷ್ಟ ದಿನಾ ಬ್ಯಾಡ ಬ್ಯಾಡ ಅಂದು, ಈಗ ನನ್ನ ಮನ್ಯಾಗ ಮೊದಲ ನಿನ್ನ ಹಂಡೆನ."

"ಜಾಗಾ ಯಾರದ?" ಅಂದ್ಲು ಆಯಿ. ವೈನಿ ಬಾಗಲಾದಾಗ ನಿಂತು ನಕ್ಕರು. ಮಗ ಚಪ್ಪಲಿ ಬಿಟ್ಟು ಒಳಗ ಹೋಗಿ ಮಸಿ ಡಬ್ಬಿ ತಂದ್ರು.

ನಾ ಹಾಳಿ ಬಿಚ್ಚಿ ಮೊದಲಿಂದ ಕಡೀತನಾ ಓದಿದ್ನಿ. ಅಕ್ಕಾರೂ ಬಾಜೂಕ ಕುಂತು ಕೇಳಿದ್ರು. ಆಯಿ ಮತ್ತ ಅದನ ಕೇಳಿದ್ಲು, ಒಲಿ ಎಲ್ಲೈತಿ ಅಂತ. ಅಕ್ಕಾರ ತಾವ ಅವ್ವನ ಕೈ ಹಿಡದು ಹಿಂದಿನ ಮನೀ ಚೌಕದ ಮ್ಯಾಲ ಇಟ್ಟರು. ಆಯಿ ಹೆಬ್ಬಟ್ಟ ಮಸ್ಯಾಗ ಅದ್ದಿ, ನಾ ತೋರಸೂಕಿಂತ ಮೊದಲ, ಆ ಒಲಿ ಮ್ಯಾಲನ ಒತ್ತಿ ಬಿಟ್ಟಳು. ಅದು ಕೆಳಗ ಮಾಲಕರ ಖಾನ್ಯಾಗ ಬೀಳಬೇಕಾಗಿತ್ತು. ಆ ಹಾ‌ಳಿ ಕೆಲಸಕ್ಕ ಬರಲಿಲ್ಲ. ಸಂಜಿಮುಂದ ಇನ್ನೊಂದ ತಗೊಂಡ ಹೋಗಿ ಖಾನ್ಯಾಗ ಒತ್ತಿಸಿದ್ನಿ. ಕೆಟ್ಟ ಹಾಳಿ ನನ್ನ ಟೇಬಲ್ ಖಣದಾಗ ಐತಿ.

ಹಿಂದಿನ ಐದ ಫೂಟ ಪಾಯಾ ತಗಿಯೂ ಮುಂದ ಎರಡ ಐತವಾರ ನಾನೂ ಹಾರಿ ಹಿಡದ್ನಿ. ಕಾಕಾ ಬ್ಯಾಡ ಅನಲಿಲ್ಲ. ತಾ ಕೂಡಿಸಿದ ಕಲ್ಲ ತಾನ ಕೀಳೂದು ಅವಗೂ ಹಗರ ಇರಲಿಲ್ಲ. ನನ್ನ ಅಂಗೈ ಗುಳ್ಳಿ ನೋಡಿ, ಸಾಲಿ ಕಲತ ಮ್ಯಾಲ ಕೈ ಮೆತ್ತಗ ಆಗ್ಯಾವು ಅಂದಾ. ತಗದ ಕಲ್ಲ ಹೊಸ ಹಿಂದಿನ ಗ್ವಾಡಿಗೆ ಹಾಕಿದ್ವಿ. ಪರವಾನಿಗಿ ಬಂತು, ಗ್ವಾಡಿ ಏರಿದ್ವು, ಸ್ಲ್ಯಾಬ್ ಬಿತ್ತು. ಚಿಮಣಿ ಕಾಕಾ ತಾನ ಕಟ್ಟಿದಾ.

ಬಚ್ಚಲ ಎಲ್ಲಾಕ್ಕಿಂತ ಕಡೀಕ ಉಳಿಸಿದ್ದಿವಿ. ಅವತ್ತ ಮಧ್ಯಾಹ್ನ ಮೇಡಂ ಕಡೀ ಅಳತಿಗೆ ಬರಾವರಿದ್ರು. ಆಯಿ ಎಂದಿನಂಗ ಮುಂಜಾನೆದ್ದು ಉರಿ ಹಾಕಿ ಜಳಕಾ ಮಾಡಿದ್ಲು, ವಿಭೂತಿ ಹಚ್ಚಿಕೊಂಡ್ಲು. ಆಮ್ಯಾಲ ಕಬ್ಬಿಣ ಸೌಟಿನ್ಯಾಗ ಒಲೀ ಕೆಂಡ ತುಂಬಿಕೊಂಡು ಎದ್ದು ನಿಂತ್ಲು. ಮಗ ಹಿಡ್ಯಾಕ ಹೋದ್ರ ಕೊಡಲಿಲ್ಲ. ಒಂದ ಕೈ ಗ್ವಾಡಿಗೆ ಕೊಟ್ಟು, ಸಾವಕಾಶ ಸಂದ್ಯಾಗ ಹಾಯ್ದು ಹಿಂದಿನ ಮನಿಗೆ ಹೋದ್ಲು. ಅಕ್ಕಾರ ಸೌದಿ ಜೋಡಿಸಿ ಒಲಿ ಮುಂದ ಕುಂತಿದ್ರು. ಆಯಿ ಬಗ್ಗಿ ಕೆಂಡ ಒಳಗ ಸುರುವಿದ್ಲು. ಅಕ್ಕಾರ ಊದುಗೊಳವಿ ಹಿಡದ್ರು. ಉರಿ ಹತ್ತಿದ ಮ್ಯಾಲ ಆಯಿ ಅಲ್ಲೆ ಮಗ್ಗಲಕ್ಕ ಕುಂತು, ಅಕ್ಕಾರ ಬಡದ ಮೊದಲನೇ ರೊಟ್ಟಿ ಮುರದು ಅರ್ಧಾ ಮಗನ ಕೈಯಾಗ, ಅರ್ಧಾ ವೈನಿ ಕೈಯಾಗ ಕೊಟ್ಟಳು.

ಆಕಿ ಅಲ್ಲಿ ಕುಂತಿದ್ದಾಗನ ಕಾಕಾ ಬಚ್ಚಲಕ್ಕ ಹಾರಿ ಹಾಕಿದಾ.

ಮೇಡಂ ಬರೂದರಾಗ ಮಣ್ಣ ತಗದು ದಾರಿ ಸಾಫ್ ಮಾಡಿದ್ದಿವಿ. ಟೇಪಿನ ಒಂದ ತುದಿ ಮೇಡಂ ಹಿಡದ್ರು, ಒಂದ ನಾ ಹಿಡದ್ನಿ. ಗ್ವಾಡಿಯಿಂದ ಗ್ವಾಡಿಗೆ ಐದ ಫೂಟ. ನನ್ನ ಕಾಲ ಹತ್ತರ ನೆಲದ ಮ್ಯಾಲ ಆಯಿ ಸೌಟಿನಿಂದ ಬಿದ್ದ ಬೂದಿ ಸಣ್ಣಗ ಹಿಂದಿನ ಬಾಗಲಾತನಾ ಬಿದ್ದಿತ್ತು. ಮೇಡಂ ಹಾಳಿ ನೋಡಕೋತ, ಒಟ್ಟ ಅಡಗಿ ಮನಿ ಎಷ್ಟು ಅಂತ ಕೇಳಿದ್ರು.

ಎರಡ್ರಿ, ಅಂದ್ನಿ. ಅವರು ಬರಕೊಂಡ್ರು. ನಾ ಬೂದಿ ತುಳೀದಂಗ ದಾಟಿ ಟೇಪ್ ಸುತ್ತಿದ್ನಿ.